ಗದ್ದೆಗೆ ಕಟ್ಟಿದ ಕ್ಯಾಸೆಟ್

ನಾನು ಚಿಕ್ಕವಳಿದ್ದಾಗ ಮಾಡಿದ ಒಂದು ಕೆಟ್ಟ ಕೆಲಸವನ್ನು ಇವತ್ತು ನಿಮಗೆ ಹೇಳಿಬಿಡುತ್ತೇನೆ, ಮಕ್ಕಳೇ. ಅಜ್ಜಿಯರು ತಾವು ಜಾಣೆಯರಾಗಿದ್ದ ಕಥೆಗಳನ್ನಷ್ಟೇ ಹೇಳುತ್ತಾರೆ. ನಾನೂ ಇಷ್ಟು ದಿನ ಅದನ್ನೇ ಮಾಡಿಕೊಂಡು ಬಂದೆ.

ಕುಶಾಲನಗರದ ಹತ್ತಿರ ನಮ್ಮ ಗದ್ದೆಯಿತ್ತು. ನಾನು ಆರನೇ ಕ್ಲಾಸು, ಅಕ್ಕ ಪಿಯುಸಿ. ಅಕ್ಕನ ಗೆಳತಿಯೊಬ್ಬಳು ಸಿದ್ದಾಪುರದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರ ಮಗಳು. ಅವಳ ಮಾವ ಇಂಗ್ಲೆಂಡಿನಿಂದ ತಂದಿದ್ದ ಆಲ್ಬಮ್ ಒಂದನ್ನು ಅವಳು ಕ್ಯಾಸೆಟ್ಟಿನ ಒಂದು ಬದಿಗೆ ತುಂಬಿಸಿ ಅಕ್ಕನಿಗೆ ಕೊಟ್ಟಿದ್ದಳು. ಪಂಕ್ ರಾಕ್ ಅಂತೆ. ನಮ್ಮ ಟೇಪ್ ರೆಕಾರ್ಡರಿಗೆ ಅದನ್ನು ಹಾಕಿದಾಗ ತಗಡಿನ ಮಾಡಿನ ಮೇಲೆ ಯಾರೋ ಕಲ್ಲು ಸುರಿದ ಹಾಗಾಯಿತು. ಹಾಡುವವನು ಹಾಡುತ್ತಿರಲಿಲ್ಲ, ಜಗಳವಾಡುತ್ತಿದ್ದ. ಎರಡು ನಿಮಿಷಕ್ಕೆ ಒಂದು ಜಗಳ ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು.

ಅಕ್ಕ ಡಬ್ಬಿಯ ಮೇಲೆ ಆ ತಂಡದ ಹುಡುಗನೊಬ್ಬನ ಚಿತ್ರ ಅಂಟಿಸಿದ್ದಳು. ಅವನ ಹರಿದ ಅಂಗಿಯ ತುಂಬ ಪಿನ್ನುಗಳು. ಅಮ್ಮ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೊಮ್ಮೆ ಮುಟ್ಟಿಕೊಂಡು, “ಪಾಪ, ಹೊಲ್ದುಕೊಡಕ್ಕೆ ಮನೇಲಿ ಯಾರೂ ಇಲ್ವೇನೋ ಈ ಹುಡುಗಂಗೆ” ಎಂದು ಮರುಗಿದಳು.

ಅದಕ್ಕೆ ಮೊದಲು ನಮ್ಮ ಅಕ್ಕ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವವಳು. ಆ ಕ್ಯಾಸೆಟ್ ಬಂದ ಮೇಲೆ ಅವಳ ದನಿಯೇ ಬದಲಾಯಿತು. “ಇದನ್ನ ಹಾಡಕ್ಕೆ ರಾಗ ಬರ್ಬೇಕು ಅಂತಿಲ್ಲ ಕಣೆ. ಯಾರನ್ನೂ ಕೇಳಂಗೂ ಇಲ್ಲ. ಹೇಳೋದು ಏನಾರ ಇದ್ರೆ ಸಾಕು” ಎಂದಳು. ಗೆಳತಿಯ ಗಿಟಾರಿನ ಜೊತೆ ಅವಳೇ ಕನ್ನಡದಲ್ಲಿ ಒಂದು ಹಾಡು ಕಟ್ಟಿ, ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಗೆ ತುಂಬಿದಳು. ಮೆತ್ತಗೆ ಮಾತಾಡು, ತಗ್ಗಿ ನಡೆ ಎಂದು ಹುಡುಗಿಯರಿಗೆ ಹೇಳುವ ದೊಡ್ಡವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುವ ಹಾಡು. ಆಮೇಲೆ ಆ ಗೆಳತಿಯ ತಂದೆ ಬೇರೆ ಎಸ್ಟೇಟಿಗೆ ಹೋದರು, ಗಿಟಾರೂ ಹೋಯಿತು. ಬರುವ ಸೋಮವಾರ ಆ ಕ್ಯಾಸೆಟ್ ತಂದು ಕೇಳಿಸು, ಚೆನ್ನಾಗಿದ್ದರೆ ಕಾಲೇಜ್ ಡೇಗೆ ಅದನ್ನೇ ಹಾಕಿಕೊಂಡು ಹಾಡಲು ಬಿಡುತ್ತೇನೆ ಎಂದು ಕಾಲೇಜಿನ ಮೇಷ್ಟರು ಹೇಳಿದ್ದರು. ಅಕ್ಕ ವಾರವಿಡೀ ನೆಲದ ಮೇಲೆ ಕಾಲಿಡಲಿಲ್ಲ.

ನನಗೋ ಹೊಟ್ಟೆಯೊಳಗೆ ಬೆಂಕಿ. ಶನಿವಾರದ ಭಜನೆಗೆ ಅಕ್ಕ ಈಗ ನನ್ನ ಪಕ್ಕ ಕೂರುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು, “ನಿಮ್ಮಕ್ಕಂಗೆ ದೆವ್ವ ಮೆಟ್ಕೊಂಡಿದ್ಯಂತೆ, ಒಬ್ಳೇ ಕಿರುಚ್ತಾಳಂತೆ” ಎಂದು ನಕ್ಕರು. ಅಕ್ಕನಿಂದ ನನ್ನ ಮರ್ಯಾದೆ ಹೋಯಿತು ಅಂದುಕೊಂಡೆ. ಆರನೇ ಕ್ಲಾಸಿನವಳ ಮರ್ಯಾದೆ! ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ.

ಆ ಭಾನುವಾರ ಅಕ್ಕ ನೆಲ್ಯಹುದಿಕೇರಿಯ ಅತ್ತೆ ಮನೆಗೆ ಹೋಗಿದ್ದಳು. ಭತ್ತ ಹಾಲುಗಟ್ಟಿತ್ತು, ಗುಬ್ಬಿ ಗಿಣಿಗಳ ಹಾವಳಿ ಹೆಚ್ಚಾಗಿತ್ತು. ಆಗ ನಮ್ಮ ಕಡೆ ಹಾಳಾದ ಕ್ಯಾಸೆಟ್ಟುಗಳ ಟೇಪನ್ನು ಎಳೆದು ಗದ್ದೆಯ ಮೇಲೆ ಗೂಟದಿಂದ ಗೂಟಕ್ಕೆ ಕಟ್ಟುತ್ತಿದ್ದರು. ಬಿಸಿಲಿಗೆ ಅದು ಮಿರಮಿರ ಮಿನುಗುತ್ತಿತ್ತು, ಗಾಳಿಗೆ ಗುಂಯ್‌ಗುಡುತ್ತಿತ್ತು. ಹಕ್ಕಿಗಳು ಹತ್ತಿರ ಸುಳಿಯುತ್ತಿರಲಿಲ್ಲ. ಅಪ್ಪ ರೇಡಿಯೋ ರಿಪೇರಿ ಅಂಗಡಿಯಿಂದ ತಂದ ಹಾಳು ಕ್ಯಾಸೆಟ್ಟುಗಳ ಚೀಲ ಟೇಪ್ ರೆಕಾರ್ಡರಿನ ಪಕ್ಕದಲ್ಲೇ ಇತ್ತು. ನಾನು ಅಕ್ಕನ ಕ್ಯಾಸೆಟ್ಟನ್ನು ಡಬ್ಬಿಯಿಂದ ತೆಗೆದು ಆ ಚೀಲಕ್ಕೆ ಹಾಕಿದೆ.

ಅಪ್ಪನಿಗೆ ಓದು ಬಾರದು. ಒಂದೊಂದೇ ಕ್ಯಾಸೆಟ್ ತೆಗೆದು, ಕಲ್ಲಿನಿಂದ ಒಡೆದು, ಟೇಪು ಎಳೆದು ಕೊಟ್ಟ. ನಾನು ಅದರ ತುದಿ ಹಿಡಿದು ಬದುವಿನ ಮೇಲೆ ಓಡಿದೆ. ಅಕ್ಕನದು ಬಂದಾಗಲೂ ಓಡಿದೆ. ಬೇಡ ಅನ್ನಲು ಆಗಲೂ ಸಮಯವಿತ್ತು. ಅನ್ನಲಿಲ್ಲ.

ಸಂಜೆ ಬಸ್ಸಿಳಿದು ಬಂದ ಅಕ್ಕ ಖಾಲಿ ಡಬ್ಬಿ ಹಿಡಿದು ಮನೆಯೆಲ್ಲ ಹುಡುಕಿದಳು. ಕೊನೆಗೆ ಅಪ್ಪ ಚೀಲದಲ್ಲಿ ವಾಪಸು ತಂದಿದ್ದ ಒಡೆದ ಚೂರುಗಳಲ್ಲಿ ಅವಳಿಗೆ ತನ್ನ ಕೈಬರಹ ಕಂಡಿತು. ಗದ್ದೆಗೆ ಓಡಿದಳು. ಯಾವ ಟೇಪು ಯಾವುದೆಂದು ಹೇಗೆ ಗೊತ್ತಾಗಬೇಕು? ಎಲ್ಲವೂ ಒಂದೇ ಕಂದು ಬಣ್ಣ, ಎಲ್ಲವೂ ಒಂದೇ ಗುಂಯ್. ಅಕ್ಕ ಬದುವಿನ ಮೇಲೆ ಕುಳಿತುಬಿಟ್ಟಳು.

ಅಪ್ಪ ಅವಳ ಮುಂದೆ ಹೋಗಿ ಟವೆಲ್ಲು ಹೆಗಲಿನಿಂದ ಕೈಗೆ ತೆಗೆದುಕೊಂಡು ನಿಂತ, ಎಸ್ಟೇಟ್ ಸಾಹುಕಾರರ ಮುಂದೆ ನಿಲ್ಲುವ ಹಾಗೆ. “ತಪ್ಪಾಯ್ತು ಕಣವ್ವ. ಪಕ್ಕದಲ್ಲಿದ್ದಿದ್ದನ್ನೂ ಸೇರ್ಸಿ ಬಾಚ್ಕೊಂಡ್ಬಿಟ್ಟೆ ಅನ್ಸುತ್ತೆ. ನಂಗೆ ಎಲ್ಲಾ ಒಂದೇ ಥರ ಕಂಡ್ವು” ಎಂದ. ತಾನು ಮಾಡದ ತಪ್ಪಿಗೆ ಅಪ್ಪ ಮಗಳ ಕ್ಷಮೆ ಕೇಳುತ್ತಿದ್ದ. ನಾನು ಎರಡು ಮಾರು ದೂರದಲ್ಲಿದ್ದೆ. ಗೂಟಕ್ಕೆ ಕಟ್ಟಿದ್ದ ಟೇಪಿನ ಗಂಟೊಂದನ್ನು ಬಿಗಿ ಮಾಡುತ್ತ ನಿಂತೆ.

ಅಕ್ಕ ಕಾಲೇಜ್ ಡೇಗೆ ಹಾಡಲಿಲ್ಲ, ಮುಂದೆಂದೂ ಹಾಡಲಿಲ್ಲ. ಅಪ್ಪನ ಹತ್ತಿರ ತಿಂಗಳುಗಟ್ಟಲೆ ಮಾತು ಬಿಟ್ಟಳು. ಅಪ್ಪ ಮುದುಕನಾದ ಮೇಲೂ ಎಲ್ಲಾದರೂ ಹಾಡು ಕೇಳಿಸಿದರೆ, “ನನ್ನ ಕೈಯಾರೆ ಮಗಳ ಹಾಡು ಹಾಳು ಮಾಡ್ದೆ” ಎನ್ನುತ್ತಿದ್ದ. ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ನೀವು, ಅಂಗಿ ತುಂಬ ಪಿನ್ನು ಚುಚ್ಚಿಕೊಂಡ ಅದೇ ಹುಡುಗನ ಚಿತ್ರವಿರುವ ಟೀ ಶರ್ಟ್ ತೊಟ್ಟು, ಅದೇ ಆಲ್ಬಮ್ಮನ್ನು ಫೋನಿನಲ್ಲಿ ಹಾಕಿದಿರಿ. ಲೋಕದ ಎಷ್ಟೋ ಹುಡುಗ ಹುಡುಗಿಯರಿಗೆ ದನಿ ಕೊಟ್ಟ ಹಾಡುಗಳಂತೆ ಅವು. “ಅಜ್ಜಿ, ನಿಂಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು” ಎಂದು ನಕ್ಕಿರಿ. ಗೊತ್ತಿಲ್ಲ ಎಂದು ನಾನೂ ನಕ್ಕೆ. ಅದೂ ಸುಳ್ಳೇ.

ನಿಮ್ಮ ಕಾಲದಲ್ಲಿ ಹಾಡು ಅಳಿಸಿಹೋದರೆ ಮತ್ತೆ ಸಿಗುತ್ತದೆ, ಎಷ್ಟು ದೂರದಲ್ಲಿದ್ದವರೂ ಒಂದು ಬೆರಳಿಗೆ ಸಿಗುತ್ತಾರೆ. ಇವತ್ತು ಸಂಜೆ ವಿರಾಜಪೇಟೆಯ ಅಕ್ಕನಿಗೆ ಫೋನ್ ಹಚ್ಚಿಕೊಡಿ. ಎಲ್ಲವನ್ನೂ ಹೇಳುತ್ತೇನೆ, ಬೈದರೆ ಬೈಯಲಿ. ಆದರೆ ಅಪ್ಪನಿಗೆ ಹಚ್ಚಿಕೊಡುವ ಫೋನು ನಿಮ್ಮ ಕಾಲದಲ್ಲೂ ಇಲ್ಲವಲ್ಲ, ಮಕ್ಕಳೇ.