ಈ ಮೀನಿಗೆ ಕಿವಿ ಎಲ್ಲೈತಿ?

ಅವ್ವನ ಕಿವಿ ಮಂದವಾಗಿ ಬಹಳ ವರ್ಷಗಳಾದವು, ಆದರೂ ಟಿವಿ ನೋಡುವುದನ್ನು ಅವಳು ಬಿಟ್ಟಿಲ್ಲ. ಧಾರಾವಾಹಿ ಮಾತ್ರ ಬೇಡ. ತುಟಿ ಅಲ್ಲಾಡಿಸುತ್ತ ಅಳುವ ಹೆಂಗಸರನ್ನು ಕಂಡರೆ ಅವಳಿಗೆ ಸಿಟ್ಟು. "ಏನ್ ಒದರತಾವೋ ಏನೋ," ಎಂದು ಪ್ರಾಣಿಗಳ ಚಾನೆಲ್ಲಿಗೆ ಹೋಗಿಬಿಡುತ್ತಾಳೆ. ಅಲ್ಲಿ ಹುಲಿಯೂ ಮಾತಾಡುವುದಿಲ್ಲ, ಆನೆಯೂ ಮಾತಾಡುವುದಿಲ್ಲ. ಕೇಳುವವರಿಗೂ ಕೇಳದವರಿಗೂ ಅಲ್ಲಿ ಒಂದೇ ನ್ಯಾಯ.

ಒಂದು ಭಾನುವಾರ ಮಧ್ಯಾಹ್ನ ತಿಂಥಣಿಯ ನಮ್ಮ ಮನೆಯಲ್ಲಿ ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಸುರಪುರದ ಕಡೆ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಟಿವಿಯ ತುಂಬ ಸಮುದ್ರ, ಡಾಲ್ಫಿನ್ನುಗಳು ನೀರಿನಿಂದ ಹಾರಿ ಹಾರಿ ಬೀಳುತ್ತಿದ್ದವು. ಅವ್ವ ನನ್ನ ತೊಡೆ ತಟ್ಟಿದಳು.

"ಈ ಮೀನಿಗೆ ಕಿವಿ ಎಲ್ಲೈತಿ?"

"ಅದು ಮೀನಲ್ಲಬೇ!" ಎಂದು ಅವಳ ಕಿವಿಗೆ ಬಾಯಿಟ್ಟು ಕೂಗಿದೆ. ಹಾಗೆ ಕೂಗಿದರೆ ಅರ್ಧ ತಲುಪುತ್ತದೆ, ಉಳಿದರ್ಧ ಕೈಸನ್ನೆ. ತಲೆಯ ಮೇಲಿನ ತೂತಿನಿಂದ ಉಸಿರಾಡುತ್ತದೆ, ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ ಎಂದು ಅಭಿನಯ ಮಾಡಿ ತೋರಿಸಿದೆ. ಎಲ್ಲ ನೋಡಿ ಅವ್ವ, "ನೀರಾಗ ಹಾಲು ಕುಡಸತೈತಂತ? ಹಾಲು ನೀರಾಗ ಬೆರಿಯಂಗಿಲ್ಲೇನು?" ಎಂದಳು.

ನನಗೆ ಗೊತ್ತಿರಲಿಲ್ಲ. ಡಾಲ್ಫಿನ್ ಒಂದು ಸಸ್ತನಿ ಎಂದು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದೇನೋ, ಈ ಪ್ರಶ್ನೆ ಒಂದು ಮಗುವೂ ಕೇಳಿರಲಿಲ್ಲ. ಕೇಳಿದ್ದರೆ ಬಹುಶಃ ಗದರಿಸಿ ಕೂಡ್ರಿಸುತ್ತಿದ್ದೆ. ಅವ್ವನನ್ನು ಗದರಿಸುವ ಹಾಗಿಲ್ಲವಲ್ಲ, ಮೊಬೈಲು ತೆಗೆದು ಹುಡುಕತೊಡಗಿದೆ.

ಅಲ್ಲಿಂದ ಶುರುವಾಯಿತು ನೋಡಿ. ಉತ್ತರಪತ್ರಿಕೆಗಳು ಹಾಗೇ ಉಳಿದವು. ಮರಿ ತನ್ನ ನಾಲಿಗೆಯನ್ನು ಕೊಳವೆಯ ಹಾಗೆ ಸುತ್ತಿ ಮೊಲೆಗೆ ಹಚ್ಚುತ್ತದಂತೆ, ತಾಯಿ ಹಾಲನ್ನು ಅದರ ಬಾಯಿಗೇ ಚಿಮ್ಮಿಸುತ್ತಾಳಂತೆ. ಮರಿ ಸಾಮಾನ್ಯವಾಗಿ ಬಾಲ ಮೊದಲಾಗಿ ಹುಟ್ಟುತ್ತದೆ, ಹುಟ್ಟಿದ ಕೂಡಲೇ ಮೊದಲ ಉಸಿರಿಗಾಗಿ ಮೇಲೆ ಬರಬೇಕು. ಅವ್ವ ಹುಬ್ಬೇರಿಸಿದಳು. "ನಮ್ಮ ಎಮ್ಮಿಗೆ ಹಿಂಗಾಲು ಮೊದಲ ಬಂದ್ರ ಎದಿ ಧಸಕ್ ಅಂತಿತ್ತು. ಇದಕ್ಕ ಅದಾ ಬರೋಬ್ಬರಿ ಏನು?" ಮಲಗುವಾಗ ಅದರ ಮಿದುಳು ಅರ್ಧ ಮಾತ್ರ ಮಲಗುತ್ತದೆ, ಇನ್ನರ್ಧ ಎಚ್ಚರವಿರುತ್ತದೆ ಎಂದೆ. ಅದರಲ್ಲಿ ಅವಳಿಗೆ ಯಾವ ಅಚ್ಚರಿಯೂ ಕಾಣಲಿಲ್ಲ. "ನಿನ್ನ ಹಡದಾಗ ನಾನೂ ಹಂಗಾ ಮಲಗತಿದ್ನಿ," ಎಂದಳು.

"ನಮ್ಮ ಹೊಳ್ಯಾಗ ಯಾಕಿಲ್ಲ ಇವು?"

ಕೃಷ್ಣೆಯಲ್ಲಿ ಮೊಸಳೆ ಇವೆ, ಡಾಲ್ಫಿನ್ ಇಲ್ಲ. ಗಂಗೆಯಲ್ಲಿ ಇವೆ, ಆದರೆ ಅವಕ್ಕೆ ಕಣ್ಣು ಇದ್ದೂ ಇಲ್ಲದ ಹಾಗೆ. ರಾಡಿ ನೀರಿನಲ್ಲಿ ಸದ್ದು ಬಿಟ್ಟು, ಅದರ ಮಾರ್ದನಿ ಕೇಳಿಯೇ ದಾರಿ, ಬೇಟೆ ಎಲ್ಲ ತಿಳಿದುಕೊಳ್ಳುತ್ತವೆ. ಇಷ್ಟನ್ನು ಕೂಗಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಹರಿದಿತ್ತು. ಅವ್ವ ಗಳಗಳ ನಕ್ಕಳು. "ಅದಕ್ಕ ಕಣ್ಣಿಲ್ಲ, ನನಗ ಕಿವಿ ಇಲ್ಲ. ಇಬ್ರೂ ಕೂಡಿದ್ರ ಒಂದು ಸಂಸಾರ ನಡೀತೈತಿ ತಗೊ." ಆಮೇಲೆ ಮತ್ತೆ ಅದೇ ಪಟ್ಟು: "ಎಲ್ಲಾ ಹೇಳಿದಿ, ಕಿವಿ ಎಲ್ಲೈತಿ ಅಂತ ಹೇಳಲಿಲ್ಲ."

ಹೇಳುವುದಕ್ಕೆ ಮತ್ತೆ ಹುಡುಕಬೇಕಾಯಿತು. ಕಣ್ಣಿನ ಹಿಂದೆ ಸೂಜಿ ಚುಚ್ಚಿದಷ್ಟು ಒಂದು ತೂತಿದೆಯಂತೆ, ಅದು ಹೆಚ್ಚು ಕೆಲಸಕ್ಕೆ ಬಾರದು. ಸದ್ದು ಒಳಗೆ ಹೋಗುವುದು ಮುಖ್ಯವಾಗಿ ಕೆಳದವಡೆಯಿಂದ. ನಾನು ಅವ್ವನ ಗದ್ದ ಮುಟ್ಟಿ ತೋರಿಸಿದೆ. ಅವಳು ತನ್ನ ದವಡೆಯನ್ನು ತಾನೇ ಒಮ್ಮೆ ಸವರಿಕೊಂಡಳು. ಆ ಕೈ ನೋಡಿದಾಗ ನನಗೆ ಯಾದಗಿರಿಯ ಡಾಕ್ಟರು ನೆನಪಾದರು.

ಅವ್ವನ ಕಿವಿ ಸಣ್ಣಂದಿನಿಂದ ಸೋರುತ್ತ ಬಂದದ್ದು. ತಮಟೆ ಹರಿದು ಹೋಗಿದೆ ಎಂದು ಹೇಳಿದವರು ಆ ಡಾಕ್ಟರು. ಉಕ್ಕಿನ ಶ್ರುತಿಕವೆಯೊಂದನ್ನು ಬಡಿದು ಕಿವಿಯ ಮುಂದೆ ಹಿಡಿದಾಗ ಅವ್ವ ತಲೆ ಅಲ್ಲಾಡಿಸಿದ್ದಳು. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದಾಗ, "ಗುಂಯ್ ಅಂತೈತ್ರಿ!" ಎಂದಿದ್ದಳು. ಆಗ ನಾವೆಲ್ಲ ಅದನ್ನು ಡಾಕ್ಟರ ಚಮತ್ಕಾರ ಎಂದುಕೊಂಡೆವು. ಕಿವಿಯ ಮಷೀನು ಕೊಟ್ಟರು, ಹಾಕಿದರೆ ಕಿವಿ ಇನ್ನಷ್ಟು ಸೋರಿತು. ಆಪರೇಷನ್ ಎಂದರು, ಅವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಕಿವಿ ಹೋದದ್ದಕ್ಕೆ ಅವಳು ಅತ್ತವಳಲ್ಲ. ಹಾಡು ಹೋದದ್ದಕ್ಕೆ ಅತ್ತಳು. ಹತ್ತಿ ಬಿಡಿಸುವ ಹೊಲದಲ್ಲಿ ಅವಳ ಸಾಲಿನ ಹೆಂಗಸರು ಅವಳ ಪದಕ್ಕೇ ಕೈ ಓಡಿಸುತ್ತಿದ್ದರು. ಅಮಾವಾಸ್ಯೆಗೆ ಮೌನೇಶ್ವರನ ಗುಡಿಯ ಭಜನೆಯಲ್ಲಿ ಪಕ್ಕದ ಮನೆಯ ಕಾಕಾ ಏಕತಾರಿ ಮೀಟಿದರೆ ಅವ್ವ ಕಣ್ಣು ಮುಚ್ಚಿ ಪದ ಎತ್ತಿಕೊಳ್ಳುತ್ತಿದ್ದಳು. ಕಣ್ಣು ತೆರೆದು ಹಾಡುವುದು ಅವಳಿಗೆ ಬರುವುದೇ ಇಲ್ಲ. ಹಾಗೆ ಒಂದು ಅಮಾವಾಸ್ಯೆ ತಂತಿ ನಿಂತಿತು, ತಾಳ ನಿಂತಿತು, ಎಲ್ಲರೂ ನಿಂತರು, ಅವ್ವ ಒಬ್ಬಳೇ ಹಾಡುತ್ತಲೇ ಇದ್ದಳು, ಅದೂ ಶ್ರುತಿ ಬಿಟ್ಟು ಎಲ್ಲೋ. ಯಾರೋ ಕಿಸಕ್ಕೆಂದರು. ನಾನು ಅವಳ ಭುಜ ಮುಟ್ಟಿದೆ. ಕಣ್ಣು ತೆರೆದು ಒಮ್ಮೆ ಸುತ್ತ ನೋಡಿದ ಅವಳ ಮುಖ ನನ್ನ ವೈರಿಗೂ ಬೇಡ. ಅಂದಿನಿಂದ ಅವಳು ಮನೆಯಲ್ಲಿ ಸಹ ಒಂದು ಸಾಲು ಗುನುಗಿಲ್ಲ. ಆ ಹಾಡು ಮತ್ತೆ ಕೇಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಹೆದರುತ್ತಿದ್ದೆ.

ಈಗ ತಲೆಯಲ್ಲಿ ಹುಳ ಹೊಕ್ಕಿತು. ಸ್ಟೀಲಿನ ಸೌಟು ತಂದು ಕಲ್ಲಿಗೆ ಬಡಿದು ಅವ್ವನ ದವಡೆಗೆ ಹಚ್ಚಿದೆ. ಅವಳು ನನ್ನ ಕೈಗೆ ಪಟ್ಟೆಂದು ಹೊಡೆದಳು. "ಹುಚ್ಚು ಹಿಡದೈತೇನು?" ಮತ್ತೆ ಬಡಿದು ಹಚ್ಚಿದೆ. ಈ ಸಲ ಹೊಡೆಯಲಿಲ್ಲ. ಸೌಟು ಕಸಿದುಕೊಂಡು, ತಾನೇ ಬಡಿದು, ತಾನೇ ಹಚ್ಚಿಕೊಂಡು, ಹೊಸ ಆಟಿಕೆ ಸಿಕ್ಕವರ ಹಾಗೆ ಕೂತಳು. ಸಾರಿಗೆ ಸೌಟು ಬೇಕೆಂದರೂ ಕೊಡಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ತರ್ಕ ಅರ್ಧ ತಪ್ಪು. ಡಾಲ್ಫಿನ್ನಿನ ದವಡೆಯೊಳಗೆ ವಿಶೇಷ ಕೊಬ್ಬು ತುಂಬಿರುತ್ತದೆ, ಸದ್ದನ್ನು ಒಳಗಿವಿಗೆ ಮುಟ್ಟಿಸುವುದು ಅದು. ಅವ್ವನ ದವಡೆಯಲ್ಲಿ ಎಲುಬಿನ ನಡುಕವೇ ನೇರ ಒಳಗೆ ಹೋಗುತ್ತದೆ. ಇದನ್ನು ನಾನು ಆಮೇಲೆ ಓದಿದೆ. ಮೊದಲೇ ಓದಿದ್ದರೆ ಶಾಣ್ಯಾಳಾಗಿ ಸುಮ್ಮನೆ ಕೂತುಬಿಡುತ್ತಿದ್ದೆನೇನೋ.

ಸಂಜೆ ಕಾಕಾನ ಮನೆಗೆ ಹೋದೆ. ಏಕತಾರಿ ಅವರ ದೇವರ ಕೋಣೆಯ ಜಗಲಿಯ ಮೇಲೆ ದೇವರ ಸಮಕ್ಕೆ ಇರುತ್ತದೆ, ದಿನಾ ವಿಭೂತಿ ಬೀಳುತ್ತದೆ. ಅದರ ದಂಡವನ್ನು ಅವ್ವನ ಮುಖದ ಎಲುಬಿಗೆ ಒತ್ತಿ ಮೀಟಿ ನೋಡೋಣ ಎಂದೆ. ಕಾಕಾ ದಂಗಾದರು.

"ಹಲ್ಲಿಗೆ ಹಿಡೀತಾಳೇನು? ಎಂಜಲ ಆಗತೈತಿ! ಆಗೂದಿಲ್ಲ ತಂಗಿ, ಬ್ಯಾಡ."

"ಹಲ್ಲಿಗಲ್ಲ ಕಾಕಾ, ದವಡಿಗೆ. ಡಾಲ್ಫಿನ್ ಹಂಗ."

"ಅದ್ಯಾರು?"

ನಾನು ಮೊಬೈಲಿನಲ್ಲಿ ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದರು. ನಗುಮುಖದ ಪ್ರಾಣಿ ಅವರಿಗೆ ಮೆಚ್ಚುಗೆಯಾಗಿರಬೇಕು. "ಬಾಯಿಗೆ ಹತ್ತಬಾರದು ಮತ್ತ," ಎಂದು ಎಚ್ಚರಿಸಿ ಏಕತಾರಿಯನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು.

ಮೊದಲು ಡಾಕ್ಟರು ತೋರಿಸಿದ ಜಾಗ, ಕಿವಿಯ ಹಿಂದೆ ಇಟ್ಟೆವು. ಎಣ್ಣೆ ಹಚ್ಚಿದ ತಲೆ, ಬಿದಿರಿನ ದಂಡ ಜಾರಿ ಜಾರಿ ಬಿತ್ತು. ಆಮೇಲೆ ಅವ್ವ ತಾನೇ ಪಕ್ಕಕ್ಕೆ ಸರಿದು ಕೂತು, ದಂಡದ ತುದಿಗೆ ದವಡೆಯ ಮೂಲೆ ಒತ್ತಿ, ಕಣ್ಣು ಮುಚ್ಚಿದಳು. ಕಾಕಾ ಮೀಟಿದರು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಮತ್ತೆ ಮೀಟಿದರು. ನನಗೆ ಅಳು ಬರುವುದರಲ್ಲಿತ್ತು. ಇಲ್ಲದ ಆಸೆ ಹುಟ್ಟಿಸಿ ಅವಳನ್ನು ಮತ್ತೊಮ್ಮೆ ಅಪಮಾನಕ್ಕೆ ಕೂಡ್ರಿಸಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

"ತಂತಿ ಇಳದೈತಿ," ಎಂದಳು ಅವ್ವ.

"ನೋಡ್ರೆಪಾ, ಕಿವಿ ಕೇಳದಾಕಿ ನನಗ ಶ್ರುತಿ ಹೇಳಾಕತ್ಯಾಳ!" ಎಂದು ಗೊಣಗಿ ಕಾಕಾ ಬಿರಡೆ ತಿರುವಿದರು. ಇನ್ನೂ ಸ್ವಲ್ಪ ಎಂದು ಅವ್ವ ಬೆರಳಿನಲ್ಲಿ ಸನ್ನೆ ಮಾಡಿದಳು. ಮತ್ತೆ ತಿರುವಿದರು. ಬೆರಳು ಸುಮ್ಮನಾಯಿತು.

ಅವಳು ಎತ್ತಿಕೊಂಡದ್ದು ಅಂದು ಗುಡಿಯಲ್ಲಿ ಅರ್ಧಕ್ಕೆ ನಿಂತ ಪದವನ್ನೇ. ದನಿ ಒಡೆದಿತ್ತು, ಎತ್ತರಕ್ಕೆ ಹೋಗುವಲ್ಲಿ ಉಸಿರು ಸಾಲಲಿಲ್ಲ. ಆದರೆ ತಂತಿಯನ್ನು ಬಿಡಲಿಲ್ಲ. ಒಂದು ನುಡಿ ಮುಗಿದು ಇನ್ನೊಂದಕ್ಕೆ ಹೋದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಕಾಕಾನ ಕಣ್ಣಲ್ಲೂ ನೀರು. ಅದನ್ನು ಒರೆಸಿಕೊಳ್ಳಲು ಅವರು ಕೈ ಎತ್ತಿದರು, ಮೀಟುವ ಕೈಯನ್ನೇ.

ತಂತಿ ನಿಂತಿತು. ಸಾಲಿನ ನಡುವೆ ಅವ್ವನೂ ನಿಂತಳು.

ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಯಾಕ ನಿಲ್ಲಿಸಿದಿ ಯಣ್ಣಾ?" ಎಂದಳು. "ಇನ್ನೂ ಎರಡು ನುಡಿ ಅದಾವ."