ಬಲಿಯದ ಕತ್ತಾಳೆಯ ಸುಳಿ

ಕತ್ತಾಳೆ ಬಲಿಯಲು ಹನ್ನೆರಡು ವರ್ಷ ಬೇಕು. ಹೂಗಂಬ ಏಳುವ ಮುನ್ನ ಅದರ ಸುಳಿ ಕಿತ್ತು, ಆರು ತಿಂಗಳು ಮುಟ್ಟದೆ ಬಿಟ್ಟು, ಆಮೇಲೆ ಹೊಟ್ಟೆ ತೋಡಿ ಹೆರೆದರೆ ಸಿಹಿನೀರು ಒಸರುತ್ತದೆ. ನಾಲ್ಕು ತಿಂಗಳು ಬೆಳಗೂ ಬೈಗೂ ಕೊಟ್ಟು ಗಿಡ ಸಾಯುತ್ತದೆ. ಸುಳಿ ಕೀಳುವ ಕಾಲ ತಪ್ಪಿದರೆ ಗಿಡವೂ ಇಲ್ಲ, ನೀರೂ ಇಲ್ಲ. ತ್ಲಾಶ್ಕಾಲಾ ಸೀಮೆಯಲ್ಲಿ ಆ ಕಾಲವನ್ನು ಫಿದೆನ್ಸಿಯೊ ಕುವಾಪಿಯೊನಷ್ಟು ಸರಿಯಾಗಿ ಹೇಳುವವರು ಇರಲಿಲ್ಲ. ನಡುಸುಳಿ ಸಣಕಲಾದದ್ದನ್ನು ಬೇಲಿಯಾಚೆಯಿಂದಲೇ ಕಂಡು, "ಇದು ಬಲ್ತದೆ, ನಾಳೆ ಕೀಳ್ಬೇಕು" ಎನ್ನುತ್ತಿದ್ದ. ಆ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ.

ಸಿಹಿನೀರು ಪುಲ್ಕೆಯೆಂಬ ಹೆಂಡವಾಗಿ ಹುಳಿಯಲು ಹೆಪ್ಪು ಬೇಕು. ಅವನ ಹೆಪ್ಪು ಅಜ್ಜನ ಕಾಲದ್ದು. ಕ್ರಾಂತಿಯ ದಂಗೆಯಲ್ಲಿ ಊರು ಬಿಟ್ಟು ಓಡುವಾಗ ಅಜ್ಜ ಪಾತ್ರೆಪಡಗ ಬಿಟ್ಟು ಹೆಪ್ಪಿನ ಗಡಿಗೆಯನ್ನು ಹೊತ್ತಿದ್ದನಂತೆ. ಈಗ ಅದು ಎತ್ತಿನ ತೊಗಲಿನ ತೊಟ್ಟಿಯಲ್ಲಿತ್ತು. ದಿನವೂ ಹೊಸ ಸಿಹಿನೀರು ಕುಡಿಸಿದರೆ ಬದುಕುತ್ತದೆ. ವಾರ ಉಪವಾಸ ಕೆಡವಿದರೆ ಕೊಳೆಯುತ್ತದೆ. ಫಿದೆನ್ಸಿಯೊ ಮದುವೆಯ ದಿನವೂ ಅದಕ್ಕೆ ಕುಡಿಸಿಯೇ ಇಗರ್ಜಿಗೆ ಹೋದವನು.

ಕಾಲ ತಿರುಗಿತು. ಊರವರು ಬಿಯರಿಗೆ ಬಿದ್ದರು, ಪುಲ್ಕೆಯಂಗಡಿ ಬಾಗಿಲು ಹಾಕಿತು. ಅಕ್ಕಪಕ್ಕದವರು ಕತ್ತಾಳೆ ಕಿತ್ತೊಗೆದು ಬಾರ್ಲಿ ಬಿತ್ತಿದರು. ಇವನ ಪುಲ್ಕೆಗೆ ಉಳಿದ ಗಿರಾಕಿಗಳೆಂದರೆ ಯಾರೆತ್ಸಿ ಕರೆತರುತ್ತಿದ್ದವರು. ರಾಜಧಾನಿಯ ಆ ಹುಡುಗಿ ಶನಿವಾರ ಶನಿವಾರ ಹನ್ನೆರಡು ಜನ ಪ್ರವಾಸಿಗರನ್ನು ವ್ಯಾನಿನಲ್ಲಿ ತುಂಬಿಕೊಂಡು, ಸಂತೆಯ ತಮಾಲೆ ತಿನ್ನಿಸಿ, ಮೆಸ್ಕಾಲ್ ಸಾರಾಯಿ ಗುಟುಕು ಕುಡಿಸಿ, ಕೊನೆಗೆ ಇಲ್ಲಿಗೆ ಬರುತ್ತಿದ್ದಳು. ಮುದುಕ ಉದ್ದನೆಯ ಸೋರೆಬುರುಡೆ ಬಾಯಿಗಿಟ್ಟು ಗಿಡದ ಹೊಟ್ಟೆಯಿಂದ ಸಿಹಿನೀರು ಹೀರಿ ತೋರಿಸುತ್ತಿದ್ದ. ಹೆಂಡತಿ ಎಯುಫ್ರೊಸಿನಾ ಹೆಂಚಿನ ಮೇಲೆ ನೀಲಿ ಜೋಳದ ತ್ಲಕೋಯೊ ರೊಟ್ಟಿ ಬೇಯಿಸಿಕೊಡುತ್ತಿದ್ದಳು.

ಒಂದು ಶನಿವಾರ ಯಾರೆತ್ಸಿ ಅವನನ್ನು ಪಕ್ಕಕ್ಕೆ ಕರೆದಳು.

"ದೋನ್ ಫಿದೆ, ಬುರುಡೇಲಿ ಹೀರೋದನ್ನ ಈಗ ಎಲ್ಲಾ ಕಡೆ ತೋರಿಸ್ತಾರೆ. ಸುಳಿ ಕೀಳೋದನ್ನ ಯಾರೂ ತೋರ್ಸಲ್ಲ. ವಾರಕ್ಕೊಂದು ನೀವು ಕಿತ್ತು ತೋರ್ಸಿ. ಇಲ್ಲಾಂದ್ರೆ ನಮ್ಮ ಕಂಪ್ನಿ ಯಜಮಾನ್ರು ಬೇರೆ ತೋಟ ನೋಡು ಅಂತಿದಾರೆ."

"ವಾರಕ್ಕೊಂದು ಬಲಿಯೋಕೆ ಅದೇನು ಮೂಲಂಗಿಯೇನಮ್ಮಾ?"

"ಬಂದೋರಿಗೆ ಬಲ್ತದ್ದು ಯಾವ್ದು, ಎಳೇದು ಯಾವ್ದು ಗೊತ್ತಾಗಲ್ಲ ಬಿಡಿ."

ಅವತ್ತು ಅವನು ಊಟ ಮಾಡಲಿಲ್ಲ. ಎಯುಫ್ರೊಸಿನಾ ಬೆಂಕಿಯ ಮುಂದಿಂದ ಏಳದೆಯೇ ಕೇಳಿದಳು: "ಕರುವಿನ ಕೆಚ್ಚಲು ಹಿಂಡಿದ್ರೆ ಹಾಲು ಬಂದಾತಾ, ಮುದ್ಕಾ?"

"ಕುಡಿಯೋರೇ ಇಲ್ದಿದ್ರೆ ಪುಲ್ಕೆ ಯಾರಿಗೆ ಮಾಡ್ಲೇ? ಹಂದೀಗಾ?"

"ಹಂದಿ ಸುಳ್ಳು ಹೇಳಿಸಲ್ಲ ನಿನ್ ಕೈಲಿ."

ಸುಳಿ ಕೀಳುವಷ್ಟು ಬಲಿತವು ಎರಡೇ ಇದ್ದವು. ಎರಡು ಶನಿವಾರಕ್ಕೆ ಅವು ಮುಗಿದವು. ಮೂರನೆಯ ವಾರ ಹತ್ತು ವರ್ಷದ ಗಿಡಕ್ಕೆ ಕೈಯಿಟ್ಟ. ಆಮೇಲೆ ಎಂಟರದ್ದಕ್ಕೆ, ಆರರದ್ದಕ್ಕೆ. ಬಂದವರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನೀರು ತೆಳುವಾದರೂ ಬಂದೀತು, ಹೆಪ್ಪಿಗೆ ಸಾಕಾದೀತು ಎಂದು ತನಗೆ ತಾನೇ ಹೇಳಿಕೊಂಡ. ಬೇರೆ ಯಾರಾದರೂ ಹೀಗೆಂದಿದ್ದರೆ ಮುಖಕ್ಕೆ ಉಗಿಯುತ್ತಿದ್ದ.

ಆರು ತಿಂಗಳು ಕಳೆಯಿತು. ಮೊದಲೇ ಸುಳಿ ಕಿತ್ತಿದ್ದ ಹಳೆಯ ಗಿಡಗಳು ಕೊಟ್ಟು ಮುಗಿಸಿ ಒಣಗಿದವು. ಬಲಿತ ಎರಡರ ನೀರು ಹೆಪ್ಪನ್ನು ಹೇಗೋ ಹಿಡಿದಿತ್ತು. ನಾಲ್ಕು ತಿಂಗಳಲ್ಲಿ ಅದೂ ಬತ್ತುತ್ತ ಬಂತು; ಅಲ್ಲಿಯವರೆಗೆ ಎಳೆಯವನ್ನು ತೋಡದೆ ಮುಂದೂಡುತ್ತಲೇ ಇದ್ದ. ಎಳೆಯವುಗಳ ಹೊಟ್ಟೆ ತೋಡುವ ಶನಿವಾರ ಬಂದಾಗ ಜನ ಆಗಲೇ ಸುತ್ತ ನೆರೆದಿದ್ದರು. ಫಿದೆನ್ಸಿಯೊ ಹೆರೆದ, ಬುರುಡೆ ಇಳಿಸಿ ಹೀರಿದ. ಕೆನ್ನೆ ಒಳಕ್ಕೆ ಹೋಯಿತು. ಬಂದದ್ದು ಗಾಳಿ, ಜೊತೆಗೆ ಒಂದು ಗುಟುಕು ಕಹಿ.

"ಎಷ್ಟು ಸಿಹಿ ಇದೆ ಅಂತ ಹೇಳಿ ದೋನ್ ಫಿದೆ!" ಎಂದು ಯಾರೆತ್ಸಿ ನಗುನಗುತ್ತ ಕೂಗಿದಳು. ಫೋನುಗಳು ಅವನ ಮುಖಕ್ಕೆ ತಿರುಗಿದ್ದವು. ಹ್ಞೂಂ ಎಂದಿದ್ದರೆ ನಡೆದುಹೋಗುತ್ತಿತ್ತು. ಬಂದವರಿಗೆ ಕುಡಿಸಲು ಒಳಗೆ ತೊಟ್ಟಿಯಲ್ಲಿ ಪುಲ್ಕೆ ಇನ್ನೂ ಇತ್ತು.

ಅವನು ಬುರುಡೆ ಕೆಳಗಿಟ್ಟ. "ಇದ್ರಲ್ಲಿ ಏನೂ ಇಲ್ಲ. ಎಳೇ ಗಿಡ ಕೊಂದಿದೀನಿ. ನಿಮ್ಮಂಥೋರು ಚಪ್ಪಾಳೆ ತಟ್ಟಿದ್ದು ಅದಕ್ಕೇ."

ಫೋನುಗಳು ಕೆಳಗಿಳಿದವು. ಯಾರೆತ್ಸಿ ಜನರನ್ನು ತ್ಲಕೋಯೊ ಕಡೆಗೆ ತಿರುಗಿಸಿದಳು. ಹೊರಡುವಾಗ ಅವನ ತೋಳು ಮುಟ್ಟಿ, "ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲ ತಾತಾ" ಎಂದಳು. ಮುಂದಿನ ಶನಿವಾರ ವ್ಯಾನು ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಉಳಿದ ಎಳೆಯ ಗಿಡಗಳನ್ನೂ ಒಂದೊಂದಾಗಿ ತೋಡಿದ. ಎಲ್ಲವೂ ಒಂದೇ. ಹೆಪ್ಪಿಗೆ ಸಿಹಿನೀರು ಬೇಡಲು ಸುತ್ತಲಿನ ಮೂರು ಊರು ಸುತ್ತಿದ. ಎಲ್ಲಿ ನೋಡಿದರೂ ಬಾರ್ಲಿ. ಬೆಲ್ಲದ ನೀರು ಹುಯ್ಯಿ ಎಂದು ಯಾರೋ ಹೇಳಿದರು. ಬೇಡಬೇಡವೆನ್ನುತ್ತಲೇ ಹುಯ್ದ. ಎರಡು ದಿನ ನೊರೆ ಕಟ್ಟಿತು. ಮೂರನೆಯ ದಿನ ಮುಚ್ಚಳ ತೆಗೆದವನು ಕೊಳೆತ ನಾತಕ್ಕೆ ಮುಖ ತಿರುಗಿಸಿಕೊಂಡ.

"ಮರಿ ಗಿಡ ನೆಡ್ತೀಯಾ?" ಎಂದು ಎಯುಫ್ರೊಸಿನಾ ಕೇಳಿದಳು.

"ನೆಟ್ಟು? ನನಗೀಗ ಎಪ್ಪತ್ತೊಂದು. ಬಲಿಯೋ ಹೊತ್ತಿಗೆ ಹೀರೋಕೆ ನೀನು ಬರ್ತೀಯಾ?"

"ನನಗೆಲ್ಲಿ ಹಲ್ಲು."

"ಹೀರೋಕೆ ಹಲ್ಲು ಬೇಡ ಕಣೇ," ಎಂದ. ಇಬ್ಬರೂ ನಗಲಿಲ್ಲ.

ತೊಟ್ಟಿಯನ್ನು ಹೊಲದಂಚಿಗೆ ಎಳೆದು ಬರಿದು ಮಾಡಿದ. ತೊಳೆದು ಅಲ್ಲೇ ಬಿಸಿಲಿಗೆ ಬೋರಲು ಹಾಕಿದ. ತೊಗಲು ಬಿಸಿಲಿಗೆ ಒಣಗಿದರೆ ಬಿರಿಯುತ್ತದೆಂದು ಚಿಕ್ಕಂದಿನಿಂದ ಬಲ್ಲವನು. ಎಯುಫ್ರೊಸಿನಾ ನೆರಳಿಗೆಳೆಯಲು ಕೈ ಹಾಕಿದಾಗ, "ಇರ್ಲಿ ಬಿಡು" ಎಂದ.