ಮೇಷ್ಟ್ರ ಹೆಸರು ಬಾಯಿಗೆ ಬಾರದ ವರ್ಷ

ನಲವತ್ತು ದಾಟಿದ ಮೇಲೆ ನಾನು ಇಂಗ್ಲೆಂಡಿಗೆ ಓದಲು ಹೋದೆ. ಅಷ್ಟು ಹೊತ್ತಿಗೆ ಕಾಮಾಕ್ಷಿಪಾಳ್ಯದ ಒಂದು ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೆ. ಇಂಗ್ಲಿಷ್ ಮಿಸ್‌ಗೆ ಇಂಗ್ಲೆಂಡಿನಲ್ಲಿ ಕಲಿಯುವುದೇನಿದೆ ಎಂದು ಬಸವೇಶ್ವರನಗರದ ನಮ್ಮ ಬೀದಿಯವರೆಲ್ಲ ಕೇಳಿದರು. ನನಗೂ ಗೊತ್ತಿರಲಿಲ್ಲ. ಶಿಕ್ಷಕರಿಗೆಂದೇ ಇದ್ದ ಒಂದು ವಿದ್ಯಾರ್ಥಿವೇತನಕ್ಕೆ ಮಗಳು ತಮಾಷೆಗೆ ಅರ್ಜಿ ಹಾಕಿಸಿದ್ದಳು, ಅದು ಸಿಕ್ಕಿಬಿಟ್ಟಿತು. ಸಿಕ್ಕಿದ್ದನ್ನು ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಒಂದು ವರ್ಷ ತಾನೇ ಅಡುಗೆ ಮಾಡಿಕೊಳ್ಳುತ್ತೇನೆ ಎಂದು ನನ್ನ ಗಂಡ ಧೈರ್ಯವಾಗಿ ಘೋಷಿಸಿದರು. ಅತ್ತೆ ಮರುದಿನ ವರ್ಷಕ್ಕಾಗುವಷ್ಟು ಸಾರಿನ ಪುಡಿ ಮಾಡಿಸಿ, ಅರ್ಧ ನನ್ನ ಸೂಟ್‌ಕೇಸಿಗೆ ತುಂಬಿದರು, ಇನ್ನರ್ಧ ಮಗನ ಕೈಗೆ ಸಿಗುವ ಹಾಗೆ ಶೆಲ್ಫಿನಲ್ಲಿಟ್ಟರು.

ಅಲ್ಲಿನ ನಮ್ಮ ಮೇಷ್ಟ್ರಿಗೆ ಹೆಚ್ಚೆಂದರೆ ಮೂವತ್ತೆರಡು ವಯಸ್ಸು. ಮೊದಲ ದಿನ ಮೇಜಿನ ಮೇಲೆ ಕೂತು ಕಾಲು ಆಡಿಸುತ್ತಾ, ಇಲ್ಲಿ ಸಾರ್, ಡಾಕ್ಟರ್ ಏನೂ ಬೇಡ, ಎಲ್ಲರೂ ನನ್ನನ್ನು ಹೆಸರಿನಿಂದಲೇ ಕರೆಯಿರಿ ಎಂದರು. ಪುಟ್ಟ ಹೆಸರು. ನಮ್ಮ ಬೀದಿಯ ನಾಯಿಗಳಿಗೂ ಅದಕ್ಕಿಂತ ಉದ್ದದ ಹೆಸರುಗಳಿವೆ. ಆದರೂ ಅದು ನನ್ನ ಬಾಯಿಂದ ಹೊರಡಲಿಲ್ಲ.

ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಅರ್ಜಿಗಳಲ್ಲಿ ಬರೆದಿದ್ದೇನೆ, ಗ್ಯಾಸ್ ಏಜೆನ್ಸಿಯವರಿಗೆ ಹೇಳಿದ್ದೇನೆ, ಮುಖ ನೋಡಿ ಕರೆದದ್ದಿಲ್ಲ. 'ರೀ' ಎಂಬ ಒಂದಕ್ಷರದಲ್ಲೇ ಸಂಸಾರ ಸಾಗಿತ್ತು. ಈಗ ಒಬ್ಬ ಪರಪುರುಷ, ಅದರಲ್ಲೂ ಪಾಠ ಹೇಳುವವರು, ಹೆಸರು ಹಿಡಿದು ಕರೆ ಎಂದರೆ ಏನು ಮಾಡುವುದು?

ಎರಡನೇ ವಾರ ಅಭ್ಯಾಸಬಲದಿಂದ 'ಸಾರ್' ಎಂದುಬಿಟ್ಟೆ. ಅವರು ಚುಚ್ಚಿಸಿಕೊಂಡವರಂತೆ ಬೆಚ್ಚಿ, ಆಮೇಲೆ ನಕ್ಕರು. ಹಿಂದೆ ಅವರನ್ನು ಹಾಗೆ ಕರೆದದ್ದು ಕಾರು ಅಡ್ಡಗಟ್ಟಿದ ಪೊಲೀಸ್ ಒಬ್ಬನೇ ಅಂತೆ. ಅಂದಿನಿಂದ ನಾನು ಅವರನ್ನು ಏನೂ ಕರೆಯದೆ ಬದುಕುವ ವಿದ್ಯೆ ಕಲಿತೆ. ಇ-ಮೇಲ್ ಬರೆದರೆ 'ಹಲೋ' ಎಂದು ಶುರುಮಾಡಿ ಅಲ್ಲೇ ಅಲ್ಪವಿರಾಮ ಹಾಕುತ್ತಿದ್ದೆ. ತರಗತಿಯಲ್ಲಿ ಅವರ ಕಣ್ಣು ನನ್ನ ಕಡೆ ತಿರುಗುವ ತನಕ ಕಾಯುತ್ತಿದ್ದೆ. ಮಗಳ ವಯಸ್ಸಿನ ಹುಡುಗ ಹುಡುಗಿಯರು ಅವರ ಹೆಸರು ಕೂಗಿ ನಡುವೆ ನುಗ್ಗಿ ಮಾತಾಡಿ ಮುಗಿಸಿರುತ್ತಿದ್ದರು. ಕಣ್ಣು ತಿರುಗುವ ಹೊತ್ತಿಗೆ ಗಂಟೆ ಆಗಿರುತ್ತಿತ್ತು. ಮಾಗಡಿ ರಸ್ತೆಯ ಬಸ್ಸುಗಳ ಹಾರ್ನ್ ಮೀರಿಸಿ ಐವತ್ತು ಮಕ್ಕಳಿಗೆ ವ್ಯಾಕರಣ ಹೇಳಿದವಳನ್ನು ಅವರೆಲ್ಲ ಸೇರಿ ತುಂಬಾ ಸಂಕೋಚದ ಹೆಂಗಸು ಎಂದು ತೀರ್ಮಾನಿಸಿದರು. ನನಗೆ ಸುಲಭವಾಗಲಿ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷ್ ಮಾತಾಡತೊಡಗಿದರು.

ಅದೇ ಕೋರ್ಸಿನಲ್ಲಿದ್ದ, ನೈಜೀರಿಯಾದಿಂದ ಬಂದ ಒಬ್ಬ ಶಿಕ್ಷಕಿ ನನ್ನ ಜೊತೆ ಒಂದೇ ಮನೆಯಲ್ಲಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಬಂದ ದಿನವೇ ನನ್ನನ್ನು 'ಆಂಟಿ' ಎಂದು ಕರೆದಾಗ ಊರು ಸೇರಿದಷ್ಟು ಸಮಾಧಾನವಾಯಿತು. ತಮ್ಮ ಕಡೆ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದೂ ಕೆನ್ನೆಗೆ ಹೊಡೆಯುವುದೂ ಒಂದೇ ಎಂದಳು. ಅವಳೂ ಮೇಷ್ಟ್ರನ್ನು 'ಪ್ರೊಫೆಸರ್' ಎಂದು ಕರೆದು, ತಾನಿನ್ನೂ ಪ್ರೊಫೆಸರ್ ಆಗಿಲ್ಲ, ಆದವರು ಕೇಳಿಸಿಕೊಂಡರೆ ಕಷ್ಟ ಎಂದು ಅವರಿಂದ ಬೇಡಿಸಿಕೊಂಡಿದ್ದಳು. ಕೊನೆಗೆ ಇಬ್ಬರೂ ಅಡುಗೆಮನೆಯಲ್ಲೇ ಅಭ್ಯಾಸ ಶುರುಮಾಡಿದೆವು. ಒಲೆಯ ಒಂದು ಕಡೆ ಅವಳ ಟೊಮೆಟೊ ಗೊಜ್ಜು, ಇನ್ನೊಂದು ಕಡೆ ನನ್ನ ಸಾರು. ಉಪ್ಪು ಕೇಳುವಾಗಲೂ ಸೌಟು ಕೇಳುವಾಗಲೂ ಒಬ್ಬರನ್ನೊಬ್ಬರು ಮೇಷ್ಟ್ರ ಹೆಸರಿನಿಂದ ಕರೆದುಕೊಳ್ಳುವುದು. ಅಡುಗೆಮನೆಯಲ್ಲಿ ಸರಾಗವಾಗಿ ಬರುತ್ತಿದ್ದ ಹೆಸರು ತರಗತಿಯ ಬಾಗಿಲು ಕಂಡೊಡನೆ ಗಂಟಲೊಳಗೆ ಇಳಿದುಬಿಡುತ್ತಿತ್ತು.

ಫೋನಿನಲ್ಲಿ ಈ ಕಷ್ಟ ಹೇಳಿಕೊಂಡೆ. ಗಂಡ ನಕ್ಕರು. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅತ್ತೆಗೆ ನಗು ಬರಲಿಲ್ಲ.

"ಪಾಠ ಹೇಳ್ಕೊಡೋರನ್ನ ಹೆಸರು ಹಿಡಿದು ಕರೆಯೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನಮ್ಮಾ? ಅದನ್ನ ನಿನ್ನ ಮಗಳು ಇಲ್ಲೇ ಕಲ್ತಿದಾಳೆ" ಎಂದರು.

ಚಳಿ ಶುರುವಾದ ಮೇಲೆ ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಮೇಷ್ಟ್ರು ಕೂತಿದ್ದರು. ಕಂಡರೆ ಮಾತಾಡಿಸಬೇಕಾಗುತ್ತದೆ, ಮಾತಾಡಿಸಿದರೆ ಕರೆಯಬೇಕಾಗುತ್ತದೆ ಎಂದು ಛತ್ರಿ ಅಡ್ಡ ಹಿಡಿದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವರು ಏನೋ ನೆನಪಾದವರಂತೆ ಎದ್ದು ಸರಸರನೆ ನಡೆದರು. ಅವರ ಬ್ಯಾಗು ಬೆಂಚಿನ ಮೇಲೇ ಉಳಿಯಿತು. ನಾನು ಅದನ್ನೆತ್ತಿಕೊಂಡು ಹಿಂದೆ ಓಡಿದೆ. 'ಎಕ್ಸ್‌ಕ್ಯೂಸ್ ಮಿ' ಎಂದೆ. ಆ ಊರಿನಲ್ಲಿ ಹಾಗೆ ಅಂದರೆ ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಅವರು ಇನ್ನೇನು ರಸ್ತೆ ದಾಟುವುದರಲ್ಲಿದ್ದರು. ಅಷ್ಟು ದಿನ ಅಡುಗೆಮನೆಯಲ್ಲಿ ಪಳಗಿಸಿದ ಹೆಸರು ಕೈಕೊಟ್ಟಿತು. ಬಾಯಿ ತನಗೆ ಗೊತ್ತಿದ್ದನ್ನೇ ಕೂಗಿತು.

"ರೀ! ರೀ, ಸ್ವಲ್ಪ ನಿಂತ್ಕೊಳ್ರೀ! ಬ್ಯಾಗ್ ಬಿಟ್ಟು ಹೋಗ್ತಾ ಇದೀರ."

ಅರ್ಧ ಬೀದಿ ತಿರುಗಿ ನೋಡಿತು, ಅವರೂ ತಿರುಗಿದರು. ನನ್ನಲ್ಲಿ ಅಷ್ಟು ದೊಡ್ಡ ಧ್ವನಿ ಇದೆಯೆಂದು ಅವರಿಗೆ ಅವತ್ತೇ ಗೊತ್ತಾದದ್ದು. ಬ್ಯಾಗು ತೆಗೆದುಕೊಂಡು, ನೀವು ನನ್ನನ್ನು ಏನೆಂದು ಕರೆದಿರಿ ಎಂದು ಬಹಳ ಆಸಕ್ತಿಯಿಂದ ಕೇಳಿದರು. ಅದೊಂದು ಗೌರವದ ಮಾತು, ಬಸ್ ಕಂಡಕ್ಟರಿಗೆ, ತರಕಾರಿಯವರಿಗೆ, ಅಪರಿಚಿತರಿಗೆ ಎಲ್ಲರಿಗೂ ಬಳಸುತ್ತೇವೆ ಎಂದು ವಿವರಿಸಿದೆ. ಗಂಡಸರಲ್ಲಿ ಇನ್ನೊಬ್ಬರಿಗೂ ಬಳಸುತ್ತೇವೆ ಎಂಬುದನ್ನು ಸಂಕ್ಷೇಪದ ದೃಷ್ಟಿಯಿಂದ ಬಿಟ್ಟೆ.

ಆ ಇನ್ನೊಬ್ಬರಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವರು ಮೊದಲು ಸ್ಪೀಕರ್ ಆಫ್ ಮಾಡಿದರು.

"ಬೇರೆ ಪದ ಸಿಗ್ಲಿಲ್ವಾ ನಿಂಗೆ?"

"ಓಡ್ತಾ ಇದ್ದೆ ಕಣ್ರೀ. ಯೋಚ್ನೆ ಮಾಡೋಕೆ ಪುರುಸೊತ್ತೆಲ್ಲಿತ್ತು?"

"ಕಣ್ರೀ ಅಂತಾನೂ ಅಂದ್ಯಾ?"

ಇಲ್ಲ ಎಂದೆ. ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆಮೇಲೆ ಉಪ್ಪಿಟ್ಟಿಗೆ ನೀರೆಷ್ಟು ಎಂದು ಕೇಳಿದರು.

ಮುಂದಿನ ವಾರ ಮೇಷ್ಟ್ರು ತರಗತಿಯಲ್ಲಿ ನನ್ನನ್ನು ಎಬ್ಬಿಸಿ, ನಿಮ್ಮ ಕಡೆ ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಇವರಿಗೆಲ್ಲ ಹೇಳಿ ಎಂದರು. ಬೋರ್ಡಿನ ಮುಂದೆ ನಿಂತ ಮೇಲೆ ನನ್ನನ್ನು ಕೂರಿಸುವುದೇ ಕಷ್ಟವಾಯಿತು. ನೀನು, ನೀವು ಹೇಳಿದೆ. ನನಗಿಂತ ಚಿಕ್ಕವನಾದ ಆಟೋದವನೂ ನನಗೆ ಅಣ್ಣ ಹೇಗಾಗುತ್ತಾನೆ ಹೇಳಿದೆ. 'ಅಕ್ಕ' ಎನ್ನುವ ಕಡೆ 'ಆಂಟಿ' ಎಂದದ್ದಕ್ಕೆ ಮುರಿದುಹೋದ ಸ್ನೇಹಗಳ ಬಗ್ಗೆ ಹೇಳಿದೆ. ನೈಜೀರಿಯಾದ ಗೆಳತಿ ತನ್ನ ಊರಿನದನ್ನು ಸೇರಿಸಿದಳು. ಹುಡುಗ ಹುಡುಗಿಯರು ನಕ್ಕರು, ಬರೆದುಕೊಂಡರು, ಕೈ ಎತ್ತಿ ಪ್ರಶ್ನೆ ಕೇಳಿದರು. ಕೊನೆಗೆ ಒಬ್ಬ ಹುಡುಗಿ, ಹಾಗಾದರೆ ನಿಮ್ಮನ್ನು ಊರಿನಲ್ಲಿ ಏನೆಂದು ಕರೆಯುತ್ತಾರೆ ಎಂದಳು.

ಉತ್ತರ ಸುಲಭ ಎಂದುಕೊಂಡು ಶುರುಮಾಡಿದೆ. ಶಾಲೆಯಲ್ಲಿ ಮಿಸ್, ಮಗಳಿಗೆ ಅಮ್ಮ, ಅತ್ತೆಗೆ 'ನೋಡಮ್ಮ', ನಾದಿನಿಗೆ ಅತ್ತಿಗೆ, ಗಂಡನಿಗೆ 'ಲೇ' ಅಥವಾ 'ಕೇಳಿಸ್ತಾ'. ಹೇಳುತ್ತಾ ಹೋದ ಹಾಗೆ ನನ್ನ ಹೆಸರು ಎಲ್ಲೂ ಬರಲೇ ಇಲ್ಲ. ಅದನ್ನು ಬಾಯ್ತುಂಬಾ ಕರೆಯುತ್ತಿದ್ದವರು ನಮ್ಮಪ್ಪ. ಅವರು ಹೋಗಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಉಳಿದದ್ದು ಈ ಮೇಷ್ಟ್ರು ಒಬ್ಬರೇ. ಅವರು ನನ್ನ ನಾಲ್ಕಕ್ಷರದ ಹೆಸರಿನಲ್ಲಿ ಎರಡನ್ನು ನುಂಗಿ, ಉಳಿದೆರಡನ್ನು ತಿರುಚಿ, ತರಗತಿಯಲ್ಲಿ ಇಲ್ಲದ ಯಾರನ್ನೋ ಕರೆದ ಹಾಗೆ ಕರೆಯುತ್ತಿದ್ದರು. ನಾನು ಮರ್ಯಾದೆಗೆ ಓಗೊಡುತ್ತಿದ್ದೆ.

ನೀರು ಕುಡಿದು, ಪರಿಸ್ಥಿತಿಗೆ ತಕ್ಕ ಹಾಗೆ ಕರೆಯುತ್ತಾರೆ ಎಂದು ಮುಗಿಸಿದೆ.

ಅವತ್ತು ತರಗತಿ ಮುಗಿದ ಮೇಲೆ ವರಾಂಡದಲ್ಲಿ ಮೇಷ್ಟ್ರನ್ನು ನಿಲ್ಲಿಸಿ ನನ್ನ ಹೆಸರು ಹೇಳಿಕೊಟ್ಟೆ. ಒಳ್ಳೆಯ ವಿದ್ಯಾರ್ಥಿ. ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದರು. 'ಳ' ಮಾತ್ರ ಬರಲಿಲ್ಲ. ಅದು ಈಗ ಬೆಂಗಳೂರಿನ ಟಿವಿಯವರಿಗೇ ಬರುವುದಿಲ್ಲ, ಪರವಾಗಿಲ್ಲ ಬಿಡಿ ಎಂದೆ. ಹಾಗೆ ಹೇಳುವಾಗ ಅವರ ಹೆಸರು ತಾನಾಗಿಯೇ ಬಾಯಿಗೆ ಬಂತು. ಅವರು ಗಮನಿಸಲೂ ಇಲ್ಲ. 'ಳ'ದಲ್ಲೇ ಮುಳುಗಿದ್ದರು.

ಉಳಿದ ತಿಂಗಳುಗಳು ಬೇಗ ಕಳೆದವು. ಮಕ್ಕಳು ತರಗತಿಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ ಎಂಬುದರ ಮೇಲೆ ನನ್ನ ಪ್ರಬಂಧ ಬರೆದೆ. ಒಳ್ಳೆಯ ಅಂಕಗಳು ಬಂದವು. ಕಾಮಾಕ್ಷಿಪಾಳ್ಯಕ್ಕೆ ವಾಪಸು ಬಂದ ದಿನ ಶಾಲೆಯ ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ನನ್ನ ಫೋಟೋ, ಅದರ ಕೆಳಗೆ 'ಲಂಡನ್‌ನಲ್ಲಿ ತರಬೇತಿ ಪಡೆದ ಶಿಕ್ಷಕರು'. ಲಂಡನ್ ನಾನು ನೋಡಿದ್ದು ವಿಮಾನ ನಿಲ್ದಾಣದ ಬಸ್ಸಿನ ಕಿಟಕಿಯಿಂದ, ಅದೂ ನಿದ್ದೆಗಣ್ಣಿನಲ್ಲಿ. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಆ ಮಾತು ಹೇಳಿದೆ. ಅವರು ಕನ್ನಡಕ ತೆಗೆದು, "ಪೇರೆಂಟ್ಸ್‌ಗೆ ಗೊತ್ತಿರೋದು ಲಂಡನ್ ಒಂದೇ ಅಲ್ವಾ ಮಿಸ್" ಎಂದರು. ಆಮೇಲೆ ಟೈಮ್‌ಟೇಬಲ್ ಕೊಟ್ಟರು. ವಾರಕ್ಕೆ ಎರಡು ಪೀರಿಯಡ್ ಜಾಸ್ತಿ ಹಾಕಿದ್ದರು.